ಕಣ್ಣು ಹಳದಿಯಾಗದ ಕಾಮಾಲೆ

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಶರೀರಶಾಸ್ತ್ರದ ಮಟ್ಟಿಗೆ ಹೇಳುವುದಾದರೆ ಈ ಗಾದೆ ಸರಿಯಲ್ಲ. ಕಾಮಾಲೆ ಬಂದವನಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವನು ಹಳದಿಯಾಗಿ ಕಾಣುತ್ತಾನೆ. ನಮ್ಮ ದೇಹದ ಕೆಂಪು ರಕ್ತಕಣಗಳು ಸುಮಾರು ನಾಲ್ಕು ತಿಂಗಳು ಬಾಳಿ ಒಡೆಯುತ್ತವೆ. ಆಗ ಉಂಟಾಗುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಪಿತ್ತಜನಕಾಂಗ ಹೀರಿಕೊಂಡು, ಪಿತ್ತರಸದೊಡನೆ ಕರುಳಿಗೆ ಕಳುಹಿಸುತ್ತದೆ. ಪಿತ್ತಜನಕಾಂಗ ಊದಿಕೊಂಡು ಈ ಕೆಲಸ ಕುಂಟಿದಾಗ ಬಿಲಿರುಬಿನ್ ರಕ್ತದಲ್ಲಿಯೇ ಉಳಿದು ಕಣ್ಣಿನ ಬಿಳಿಭಾಗ, ಚರ್ಮ, ಮೂತ್ರ ಎಲ್ಲಕ್ಕೂ ಬಣ್ಣ ಕೊಡುತ್ತದೆ. ಇಷ್ಟೇ ಕಾಮಾಲೆ. ಅದು ಒಂದು ಲಕ್ಷಣವೇ ಹೊರತು ಸ್ವತಃ ರೋಗವಲ್ಲ.

ಪಿತ್ತಜನಕಾಂಗದ ಊತಕ್ಕೆ ವೈದ್ಯರು ಕೊಟ್ಟಿರುವ ಹೆಸರು ಹೆಪಟೈಟಿಸ್. ಅದಕ್ಕೆ ವೈರಸ್ ಕಾರಣವಾದರೆ ವೈರಲ್ ಹೆಪಟೈಟಿಸ್. ಗಾದೆಗಿಂತ ದೊಡ್ಡ ತಪ್ಪು ತಿಳಿವಳಿಕೆಯೊಂದು ಇಲ್ಲಿದೆ. ಕಣ್ಣು ಹಳದಿಯಾದವರನ್ನು ಎಣಿಸಿದರೆ ಊರಿನಲ್ಲಿ ಎಷ್ಟು ಜನರಿಗೆ ಈ ವೈರಸ್ ತಗುಲಿದೆ ಎಂಬುದು ಗೊತ್ತಾಗಿಬಿಡುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಾಗುವುದಿಲ್ಲ. ವೈರಸ್ ಹೊಕ್ಕವರಲ್ಲಿ ಬಹುಪಾಲು ಜನರ ಕಣ್ಣು ಹಳದಿಯಾಗುವುದೇ ಇಲ್ಲ. ಹಾಗಾದರೆ ಅವರನ್ನು ಎಣಿಸುವುದು ಹೇಗೆ? ಈ ಪ್ರಶ್ನೆಗೆ ನಮ್ಮ ದೇಶ ದೊಡ್ಡ ಬೆಲೆ ತೆತ್ತು ಪಾಠ ಕಲಿತದ್ದು ದೆಹಲಿಯಲ್ಲಿ.

1955ರ ಮಳೆಗಾಲದಲ್ಲಿ ಯಮುನಾ ನದಿಗೆ ಭಾರಿ ಪ್ರವಾಹ ಬಂತು. ಪ್ರವಾಹ ಇಳಿದಾಗ ನದಿಯ ಪಾತ್ರ ಬದಲಾಗಿತ್ತು. ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಕೇಂದ್ರವಿತ್ತು; ನದಿಯ ಹರಿವು ಅಲ್ಲಿಂದ ದೂರ ಸರಿಯಿತು. ಅದರ ಕೆಳಗಡೆ ನದಿಗೆ ಸೇರುತ್ತಿದ್ದ ನಜಫ್‌ಗಢ ನಾಲೆಯ ಕೊಳಚೆ ಹಿಂದಕ್ಕೆ ಹರಿದು ನೀರೆತ್ತುವ ಜಾಗಕ್ಕೇ ಬಂದು ಸೇರಿತು. ನವೆಂಬರ್ ತಿಂಗಳಲ್ಲಿ ಸುಮಾರು ಒಂದು ವಾರ ಹೀಗೆಯೇ ನಡೆಯಿತು. ಅಧಿಕಾರಿಗಳು ಕೈಕಟ್ಟಿ ಕುಳಿತಿರಲಿಲ್ಲ. ಕ್ಲೋರಿನ್ ಪ್ರಮಾಣವನ್ನು ಏರಿಸಿದರು. ಅದರ ಫಲವೂ ಕಂಡಿತು: ಟೈಫಾಯಿಡ್ ಹೆಚ್ಚಲಿಲ್ಲ, ಆಮಶಂಕೆಯೂ ಹೆಚ್ಚಲಿಲ್ಲ. ಬ್ಯಾಕ್ಟೀರಿಯಗಳು ಸತ್ತವು ಎಂದಾಯಿತು. ಆದರೆ ಡಿಸೆಂಬರ್ ಹುಟ್ಟುತ್ತಿದ್ದಂತೆ ಮನೆಮನೆಯಲ್ಲೂ ಕಾಮಾಲೆ! ವೈರಸ್ ಆ ಕ್ಲೋರಿನ್‌ಗೆ ಬಗ್ಗಿರಲಿಲ್ಲ. ಅದು ದೇಹ ಹೊಕ್ಕ ಮೇಲೆ ರೋಗವಾಗಿ ಹೊರಬೀಳಲು ಹಲವು ವಾರ ಬೇಕು. ಆದ್ದರಿಂದ ಕೊಳಚೆ ನೀರು ಬಂದು ಹೋದ ಮೇಲೆ, ಎಲ್ಲವೂ ಸರಿಯಾಯಿತು ಎಂದುಕೊಳ್ಳುವ ಹೊತ್ತಿಗೆ ಪಿಡುಗು ಕಾಣಿಸಿಕೊಂಡಿತು.

ಆಸ್ಪತ್ರೆಗಳಿಗೆ ಬಂದವರ ಪಟ್ಟಿಯನ್ನಷ್ಟೇ ನೋಡಿ ಸುಮ್ಮನಾಗದೆ ಮನೆಮನೆಗಳ ಸಮೀಕ್ಷೆ ನಡೆಸಿದ್ದರಿಂದ ದೆಹಲಿಯ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಕಾಮಾಲೆ ಕಾಣಿಸಿಕೊಂಡವರು ಸುಮಾರು 29,300 ಮಂದಿ. ಜ್ವರ, ವಾಕರಿಕೆ, ಊಟ ಸೇರದಿರುವುದು, ಸುಸ್ತು ಇಷ್ಟೇ ಇದ್ದು ಕಣ್ಣು ಹಳದಿಯಾಗದವರನ್ನೂ ಸೇರಿಸಿದರೆ ಆ ಸಂಖ್ಯೆ ಮೂರು ಪಟ್ಟಿಗಿಂತಲೂ ಮೇಲೆ ಹೋಯಿತು. ಯಾವ ತೊಂದರೆಯೂ ಇಲ್ಲದೆ ವೈರಸ್ಸನ್ನು ಜೀರ್ಣಿಸಿಕೊಂಡವರು ಎಷ್ಟೋ. ಅವರು ಯಾವ ಪಟ್ಟಿಯಲ್ಲೂ ಇಲ್ಲ. ಇನ್ನೊಂದು ಸಂಗತಿ ವೈದ್ಯರನ್ನು ಕಳವಳಕ್ಕೀಡುಮಾಡಿತು. ರೋಗ ಬಂದ ಗರ್ಭಿಣಿಯರಲ್ಲಿ ಸಾವು ಉಳಿದವರಿಗಿಂತ ಎದ್ದುಕಾಣುವಷ್ಟು ಹೆಚ್ಚಾಗಿತ್ತು.

ಅದು ಯಾವ ವೈರಸ್ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಪುಣ್ಯಕ್ಕೆ ಕೆಲವು ರೋಗಿಗಳ ರಕ್ತದ್ರವದ ಮಾದರಿಗಳನ್ನು ಜೋಪಾನವಾಗಿ ಕಾಪಾಡಿ ಇಟ್ಟಿದ್ದರು. ಸುಮಾರು ಕಾಲು ಶತಮಾನದ ನಂತರ, 1980ರಲ್ಲಿ, ಹೊಸ ಪರೀಕ್ಷೆಗಳಿಂದ ಅವನ್ನು ನೋಡಿದಾಗ ಅದು ಆಗ ಗೊತ್ತಿದ್ದ ಎ ಅಲ್ಲ, ಬಿ ಕೂಡ ಅಲ್ಲ ಎಂದು ತಿಳಿಯಿತು. 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಹರಡಿದ ಇಂಥದೇ ಪಿಡುಗನ್ನು ಅಧ್ಯಯನ ಮಾಡಿದ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರೂ ಇದೇ ತೀರ್ಮಾನಕ್ಕೆ ಬಂದಿದ್ದರು. 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಾಲಯಾನ್ ಒಂದು ಸಾಹಸ ಮಾಡಿದರು. ರೋಗಿಗಳ ಮಲದಿಂದ ತೆಗೆದ ಸಾರವನ್ನು ತಾವೇ ಕುಡಿದು, ಕಾಮಾಲೆಗೆ ಬಿದ್ದು, ತಮ್ಮ ಮಲದಲ್ಲಿಯೇ ಹೊಸ ವೈರಸ್ಸನ್ನು ಕಂಡುಹಿಡಿದರು. (ವಿದ್ಯಾರ್ಥಿಗಳು ಅವರ ಕುತೂಹಲವನ್ನು ಅನುಸರಿಸಲಿ, ವಿಧಾನವನ್ನು ಬೇಡ!) ಅದೇ ಹೆಪಟೈಟಿಸ್ ‘ಇ’. 1991ರಲ್ಲಿ ಕಾನ್ಪುರದಲ್ಲಿ ಕುಡಿಯುವ ನೀರು ಕೆಟ್ಟು ಸುಮಾರು 79,000 ಜನರನ್ನು ಕಾಡಿದ್ದೂ ಇದೇ.

ಇಂದು ನಮಗೆ ತಿಳಿದಿರುವ ಮುಖ್ಯ ಹೆಪಟೈಟಿಸ್ ವೈರಸ್‌ಗಳು ಐದು: ಎ, ಬಿ, ಸಿ, ಡಿ, ಇ. ಒಂದಕ್ಕೊಂದು ನೆಂಟಸ್ತನವಿಲ್ಲದ ಈ ಐದೂ ಸೇರುವುದು ಒಂದೇ ಅಂಗದಲ್ಲಿ. ನೆನಪಿಡಬೇಕಾದದ್ದು ಅವು ಒಳಬರುವ ಬಾಗಿಲನ್ನು. ಎ ಮತ್ತು ಇ ಬಾಯಿಯ ದಾರಿಯಾಗಿ ಬರುತ್ತವೆ. ರೋಗಿಯ ಮಲದಲ್ಲಿರುವ ವೈರಸ್ ನೀರಿಗೋ ಆಹಾರಕ್ಕೋ ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋಗಬೇಕು. ಬಿ, ಸಿ, ಡಿ ರಕ್ತದ ದಾರಿಯಾಗಿ ಬರುತ್ತವೆ. ಡಿ ಎಂಬುದು ಬಿ ಇದ್ದವರಲ್ಲಿ ಮಾತ್ರ ಬದುಕಬಲ್ಲ ಬಾಡಿಗೆದಾರ. ಬಾಯಿಯಿಂದ ಬಂದವು ಸಾಮಾನ್ಯವಾಗಿ ಕೆಲವು ವಾರ ಕಾಡಿ ಹೊರಟುಹೋಗುತ್ತವೆ. ರಕ್ತದಿಂದ ಬಂದವು ಠಿಕಾಣಿ ಹೂಡುತ್ತವೆ.

ಎ ವೈರಸ್ಸಿನದು ವಿಚಿತ್ರವಾದ ಕಥೆ. ಎಳೆಯ ಮಕ್ಕಳಿಗೆ ತಗುಲಿದರೆ ಹೆಚ್ಚಿನವರಿಗೆ ಒಂದು ಸಣ್ಣ ಜ್ವರ, ಅಥವಾ ಅದೂ ಇಲ್ಲ. ಒಮ್ಮೆ ಬಂದರೆ ಜೀವಮಾನವಿಡೀ ರಕ್ಷಣೆ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಹತ್ತು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಅದು ಬಂದುಹೋಗಿರುತ್ತಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 1982ರಿಂದ ಹಲವು ಸಲ ಜನರ ರಕ್ತ ಪರೀಕ್ಷಿಸಿ ನೋಡಿದಾಗ, ಅನುಕೂಲಸ್ಥ ಮನೆಗಳ ಮಕ್ಕಳಲ್ಲಿ ಈ ರಕ್ಷಣೆ ಕಡಿಮೆಯಾಗುತ್ತಿರುವುದು ಕಂಡಿತು. ಶುದ್ಧ ನೀರು, ಶೌಚಾಲಯ ಬಂದು ವೈರಸ್ ದೂರವಾದದ್ದು ಒಳ್ಳೆಯದೇ. ಆದರೆ ಅಂಥ ಮಗು ದೊಡ್ಡದಾಗಿ ಹಾಸ್ಟೆಲ್ ಸೇರಿ, ರಸ್ತೆ ಬದಿಯ ಪಾನಿಪುರಿ ತಿಂದು, ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಈ ವೈರಸ್ಸನ್ನು ಎದುರುಗೊಂಡರೆ ಕಾಯಿಲೆ ಜೋರಾಗಿರುತ್ತದೆ. 2024ರಲ್ಲಿ ಕೇರಳದ ಮಲಪ್ಪುರಂ, ಎರ್ನಾಕುಲಂ ಜಿಲ್ಲೆಗಳಲ್ಲಿ ಇದು ಹರಡಿ ಸಾವುಗಳೂ ಸಂಭವಿಸಿದವು. ಅಂದರೆ, ವೈರಸ್ ಕಡಿಮೆಯಾದ ಊರಿನಲ್ಲಿ ಕಾಮಾಲೆ ಹೆಚ್ಚಾಗಿ ಕಾಣಬಹುದು! ಹಳದಿ ಕಣ್ಣುಗಳ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಎ ಹೆಪಟೈಟಿಸಿಗೆ ಲಸಿಕೆ ಇದೆ. ಅದಕ್ಕಿಂತ ಅಗ್ಗದ ಉಪಾಯವೆಂದರೆ ಕುದಿಸಿ ಆರಿಸಿದ ನೀರು. ನೀರು ಬೆಚ್ಚಗಾದರೆ ಸಾಲದು, ಕೊತಕೊತ ಕುದಿಯಬೇಕು.

ಕಾಮಾಲೆ ಎಂದೊಡನೆ ನಮ್ಮ ಕಡೆ ನಾಟಿ ಔಷಧಿಯ ಮಾತು ಬಂದೇ ಬರುತ್ತದೆ. ಪ್ರತಿ ತಾಲ್ಲೂಕಿನಲ್ಲೂ ಕಾಮಾಲೆಗೆ ಔಷಧಿ ಕೊಡುವ ಒಂದು ಹೆಸರಾಂತ ಮನೆ ಇರುತ್ತದೆ. ಮೂರು ದಿನ ಬರಿಹೊಟ್ಟೆಗೆ ಸೊಪ್ಪಿನ ರಸ, ಉಪ್ಪು-ಎಣ್ಣೆ ಬಿಟ್ಟ ಪಥ್ಯ. ಕೆಲವೆಡೆ ಕೈಗೆ ಬರೆ ಹಾಕುವುದೂ ಉಂಟು. ‘ಅಲ್ಲಿ ಹೋದವರಿಗೆಲ್ಲ ವಾಸಿಯಾಗಿದೆ’ ಎಂಬುದು ಸುಳ್ಳೇನಲ್ಲ. ಎ ಮತ್ತು ಇ ತಾವಾಗಿಯೇ ವಾಸಿಯಾಗುವ ಕಾಯಿಲೆಗಳಾದ್ದರಿಂದ, ಎಲ್ಲಿಗೂ ಹೋಗದವರಿಗೂ ಬಹುಮಟ್ಟಿಗೆ ವಾಸಿಯಾಗಿರುತ್ತದೆ. ಯಶಸ್ಸು ಕಾಲದ್ದು, ಕೀರ್ತಿ ಸೊಪ್ಪಿನದು. ಹಾಗೆಂದು ವಿಜ್ಞಾನ ಸೊಪ್ಪನ್ನು ತಿರಸ್ಕರಿಸಿ ಕೂತಿಲ್ಲ. ನೆಲನೆಲ್ಲಿಯ ಪುಡಿ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಿಂದ ಬಿ ವೈರಸ್ಸಿನ ಗುರುತು ಮಾಯವಾಯಿತೆಂದು 1988ರಲ್ಲಿ ಮದರಾಸಿನ ಸಂಶೋಧಕರು ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದಾಗ ಲೋಕವೇ ಕಿವಿ ನಿಮಿರಿಸಿತು. ಆದರೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಬಿ ಮತ್ತು ಸಿ ಇದ್ದವರು ಸೊಪ್ಪಿನ ಭರವಸೆಯಲ್ಲಿ ವರ್ಷಗಳನ್ನು ಕಳೆದರೆ ಒಳಗಿನ ಅಂಗ ಸದ್ದಿಲ್ಲದೆ ಗಟ್ಟಿಯಾಗುತ್ತಾ ಹೋಗುತ್ತದೆ. ಬರೆಯ ಮಾತಂತೂ ಬೇಡವೇ ಬೇಡ.

ಬಿ ವೈರಸ್ ಸಿಕ್ಕಿದ್ದು ಅದನ್ನು ಹುಡುಕದೇ ಇದ್ದವರಿಗೆ. ಅಮೆರಿಕದ ಬರೂಕ್ ಬ್ಲೂಂಬರ್ಗ್ ಎಂಬ ವಿಜ್ಞಾನಿ ನಾನಾ ದೇಶಗಳ ಜನರ ರಕ್ತದ ಪ್ರೋಟೀನುಗಳಲ್ಲಿ ಇರುವ ವ್ಯತ್ಯಾಸಗಳನ್ನು ಅಭ್ಯಾಸ ಮಾಡುತ್ತಿದ್ದರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿದ್ದ ಒಂದು ವಸ್ತು, ಅನೇಕ ಸಲ ರಕ್ತ ಪಡೆದಿದ್ದ ಕುಸುಮರೋಗಿಯೊಬ್ಬನ ರಕ್ತದ್ರವದೊಡನೆ ವರ್ತಿಸಿತು. 1965ರಲ್ಲಿ ಅದನ್ನು ‘ಆಸ್ಟ್ರೇಲಿಯ ಆಂಟಿಜನ್’ ಎಂದು ಕರೆದು ಪ್ರಕಟಿಸಿದರು. ಅದು ಬಿ ವೈರಸ್ಸಿನ ಹೊರಕವಚ ಎಂಬುದು ಆಮೇಲೆ ಗೊತ್ತಾಯಿತು. ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರ ಜನ್ಮದಿನವಾದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ಆ ಕವಚವನ್ನು ಗುರುತಿಸುವ ಪರೀಕ್ಷೆ ಕೈಗೆ ಬಂದದ್ದೇ ತಡ, ಎಣಿಕೆಯ ಸ್ವರೂಪವೇ ಬದಲಾಯಿತು. ಕಣ್ಣು ನೋಡಬೇಕಾಗಿಲ್ಲ, ಒಂದಿಷ್ಟು ರಕ್ತ ಸಾಕು. ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಅದಕ್ಕೆ ಸಂಬಂಧಿಸಿದ ನೊಬೆಲ್ 2020ರಲ್ಲಿ ಮೂವರಿಗೆ ಸಂದಿತು.

ಇಲ್ಲಿ ಎಣಿಸಬೇಕಾದ ಸಂಗತಿಗಳು ಎರಡಿವೆ. ಕೆರೆಯನ್ನು ನೆನೆಸಿಕೊಳ್ಳಿ. ಈ ವರ್ಷ ಕೆರೆಗೆ ಎಷ್ಟು ನೀರು ಹರಿದು ಬಂತು ಎಂಬುದು ಒಂದು ಲೆಕ್ಕ. ಕೆರೆಯಲ್ಲಿ ಈಗ ಎಷ್ಟು ನೀರು ನಿಂತಿದೆ ಎಂಬುದು ಇನ್ನೊಂದು. ಎ ಮತ್ತು ಇ ಬಂದ ನೀರು ಕೋಡಿ ಹರಿದು ಹೋಗುವ ಕೆರೆಗಳು. ಅವುಗಳಲ್ಲಿ ಮೊದಲ ಲೆಕ್ಕ ಮುಖ್ಯ. ಬಿ ಮತ್ತು ಸಿ ಕೋಡಿಯೇ ಇಲ್ಲದಂಥ ಕೆರೆಗಳು. ಪ್ರತಿ ವರ್ಷ ಬರುವುದು ಸ್ವಲ್ಪವೇ ಆದರೂ ನಿಂತದ್ದು ಬಹಳ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಭಾರತದಲ್ಲಿ ಬಿ ವೈರಸ್ಸನ್ನು ದೇಹದಲ್ಲಿ ಇಟ್ಟುಕೊಂಡು ಬದುಕುತ್ತಿದ್ದವರು ಅಂದಾಜು 2.98 ಕೋಟಿ, ಸಿ ಇದ್ದವರು 55 ಲಕ್ಷ. ಚೀನಾ ಬಿಟ್ಟರೆ ಇಷ್ಟು ಜನ ಇನ್ನಾವ ದೇಶದಲ್ಲೂ ಇರಲಿಲ್ಲ. ನಮ್ಮ ಜನಸಂಖ್ಯೆಯನ್ನು 140 ಕೋಟಿ ಎಂದಿಟ್ಟುಕೊಂಡು ವಿದ್ಯಾರ್ಥಿಗಳೇ ಭಾಗಿಸಿ ನೋಡಲಿ. ನೂರಕ್ಕೆ ಸುಮಾರು ಇಬ್ಬರಿಗೆ ಬಿ. ಸಾವಿರಕ್ಕೆ ನಾಲ್ವರಿಗೆ ಸಿ. ಐವತ್ತು ಜನರಿರುವ ಒಂದು ಬಸ್ಸಿನಲ್ಲಿ ಒಬ್ಬರು ಎಂದಂತಾಯಿತು. ಆ ಒಬ್ಬರಿಗೆ ತಮ್ಮ ವಿಷಯ ತಿಳಿದಿರುವ ಸಂಭವ ಕಡಿಮೆ.

ಸರಾಸರಿಯನ್ನು ನಂಬಿಬಿಡುವಂತೆಯೂ ಇಲ್ಲ. ನಿಕೋಬಾರಿ ಜನರಲ್ಲಿ ಹಿಂದೆ ಪರೀಕ್ಷೆ ನಡೆಸಿದಾಗ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಬಿ ವೈರಸ್ ಇತ್ತು. ಸಿ ವೈರಸ್ ಪಂಜಾಬಿನಲ್ಲಿ ದೇಶದ ಸರಾಸರಿಯನ್ನು ಎಷ್ಟೋ ಮೀರಿದೆ. ಯಾರನ್ನು ಪರೀಕ್ಷಿಸಿದಿರಿ ಎಂಬುದರ ಮೇಲೂ ಅಂಕಿ ಕುಣಿಯುತ್ತದೆ. ರಕ್ತದಾನಿಗಳ ಲೆಕ್ಕ ಸುಲಭವಾಗಿ ಸಿಗುತ್ತದೆ, ಆದರೆ ಅವರು ಹೆಚ್ಚಾಗಿ ಆರೋಗ್ಯವಂತ ಯುವಕರು. ಆಸ್ಪತ್ರೆಯಲ್ಲಿ ಮಲಗಿದವರ ಲೆಕ್ಕವೂ ಸುಲಭ, ಆದರೆ ಅವರೆಲ್ಲ ರೋಗಿಗಳು. ಮೊದಲನೆಯದು ಊರಿನ ಲೆಕ್ಕಕ್ಕಿಂತ ತಗ್ಗು, ಎರಡನೆಯದು ಎತ್ತರ. ಊರನ್ನು ಅರಿಯಬೇಕಾದರೆ ದೆಹಲಿಯಲ್ಲಿ ಮಾಡಿದಂತೆ ಮನೆಗಳನ್ನು ಆರಿಸಿಕೊಂಡು ಬಾಗಿಲು ತಟ್ಟಲೇಬೇಕು.

ಈ ಅಂಕಿಗಳು ಒಂದು ಮನೆಯೊಳಕ್ಕೆ ಕಾಲಿಡುವುದು ಸಾಮಾನ್ಯವಾಗಿ ಹೀಗೆ: ಕಾಲೇಜಿನಲ್ಲಿ ಎನ್.ಎಸ್.ಎಸ್. ವತಿಯಿಂದ ರಕ್ತದಾನ ಶಿಬಿರ. ಪದವಿ ಓದುವ ಹುಡುಗನೊಬ್ಬ ಹುಮ್ಮಸ್ಸಿನಿಂದ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಮನೆಗೆ ಬರುತ್ತಾನೆ. ಕೆಲವು ದಿನಗಳಲ್ಲಿ ರಕ್ತನಿಧಿಯಿಂದ ಕರೆ. ದಾನದ ಪ್ರತಿ ಬಾಟಲಿಯನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಗಳಿಗೆ ಪರೀಕ್ಷಿಸುವುದು ಕಡ್ಡಾಯ. ಅವನ ರಕ್ತದಲ್ಲಿ ಬಿ ಇದೆಯಂತೆ. ಮನೆಯಲ್ಲಿ ಸಿಡಿಲು ಬಡಿದಂತಾಗುತ್ತದೆ. ತಂದೆಗೆ ಮಗನ ಸಹವಾಸದ ಮೇಲೆ ಅನುಮಾನ. ಅಜ್ಜಿ ಅವನ ತಟ್ಟೆ-ಲೋಟ ಬೇರೆ ಇಡುತ್ತಾರೆ. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಹುಡುಗನಿಗಂತೂ ಏನೂ ಆಗಿಲ್ಲ; ಕಬಡ್ಡಿ ಆಡಿಕೊಂಡಿದ್ದಾನೆ.

ಮೊದಲು ಕೇಳಬೇಕಾದ ಪ್ರಶ್ನೆ: ಫಲಿತಾಂಶ ಸರಿಯೆ? ಸಾವಿರ ವಿದ್ಯಾರ್ಥಿಗಳಲ್ಲಿ ನಿಜವಾಗಿ ಇಪ್ಪತ್ತು ಮಂದಿಗೆ ವೈರಸ್ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಆ ಇಪ್ಪತ್ತನ್ನೂ ಹಿಡಿಯುತ್ತದೆ, ಆದರೆ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದೂ ಇಟ್ಟುಕೊಳ್ಳಿ. ಉಳಿದ 980 ಮಂದಿಯಲ್ಲಿ ಸುಮಾರು ಹತ್ತು ಮಂದಿ ವೃಥಾ ಸಿಕ್ಕಿಬೀಳುತ್ತಾರೆ. ‘ಇದೆ’ ಎನಿಸಿಕೊಂಡ ಮೂವತ್ತರಲ್ಲಿ ಹತ್ತು ಸುಳ್ಳು! ನೂರಕ್ಕೆ ತೊಂಬತ್ತೊಂಬತ್ತು ಅಂಕ ತೆಗೆಯುವ ಪರೀಕ್ಷೆಯೂ ರೋಗ ವಿರಳವಾದ ಕಡೆ ಹೀಗೆ ಎಡವುತ್ತದೆ. ಆದ್ದರಿಂದ ಮರುಪರೀಕ್ಷೆ ಬೇಕೇ ಬೇಕು. ಆರು ತಿಂಗಳ ನಂತರವೂ ಅದು ಉಳಿದಿದ್ದರೆ ಮಾತ್ರ ದೀರ್ಘಕಾಲದ ಸೋಂಕು ಎನ್ನುತ್ತಾರೆ.

ಎರಡನೆಯ ಪ್ರಶ್ನೆ: ಬಂದದ್ದು ಎಲ್ಲಿಂದ? ತಂದೆ ಮಗನ ಗೆಳೆಯರನ್ನು ಶಂಕಿಸುವ ಮುನ್ನ ಒಂದು ಸಂಗತಿ ತಿಳಿಯಬೇಕು. ಈ ವೈರಸ್ ಯಾವ ವಯಸ್ಸಿನಲ್ಲಿ ತಗುಲಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಅದನ್ನು ಓಡಿಸಿಬಿಡುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ಬಂದರೆ ನೂರರಲ್ಲಿ ಸುಮಾರು ತೊಂಬತ್ತು ಕೂಸುಗಳಲ್ಲಿ ಅದು ಬೀಡುಬಿಡುತ್ತದೆ. ಆದ್ದರಿಂದ ಇಪ್ಪತ್ತರ ಹುಡುಗನ ದೇಹದಲ್ಲಿ ನೆಲೆಯೂರಿದ ಬಿ ವೈರಸ್ ಬಹುಪಾಲು ಎಳವೆಯಲ್ಲೇ ಬಂದದ್ದು. ಅವನ ನಡತೆಗೂ ಅದಕ್ಕೂ ಸಂಬಂಧವಿಲ್ಲ. ತಾಯಿಯದೂ ತಪ್ಪಲ್ಲ. ಆಕೆಗೂ ಬಹುಶಃ ಹೀಗೆಯೇ ಗೊತ್ತಿಲ್ಲದೆ ಬಂದಿರುತ್ತದೆ.

ಇನ್ನೊಂದು ದೊಡ್ಡ ದಾರಿ ಸೂಜಿ. ಜ್ವರ ಎಂದರೆ ಸೂಜಿ ಚುಚ್ಚಿಸಿಕೊಳ್ಳದೆ ತೃಪ್ತಿಯಾಗದ ಜನ ನಾವು. ‘ಡಾಕ್ಟರು ಬರೀ ಗುಳಿಗೆ ಕೊಟ್ಟು ಕಳಿಸಿದರು’ ಎಂದು ದೂರುತ್ತೇವೆ. 2009ರ ಆರಂಭದಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಮ್ಮೆಲೇ ಕಾಮಾಲೆ ಹರಡಿ ನಾನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಎಲ್ಲರೂ ಮೊದಲು ನೀರನ್ನೇ ಶಂಕಿಸುವುದು ಸಹಜ. ಆದರೆ ರಕ್ತ ಪರೀಕ್ಷೆ ಬಿ ವೈರಸ್ಸನ್ನು ತೋರಿಸಿತು. ನೀರಿನಿಂದ ಬಿ ಬರುವುದಿಲ್ಲ. ಹುಡುಕಿದಾಗ ಸಿಕ್ಕಿದ್ದು, ಒಮ್ಮೆ ಬಳಸಿ ಎಸೆಯಬೇಕಾದ ಸಿರಿಂಜುಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದ ಅಭ್ಯಾಸ. ವೈರಸ್ಸಿನ ಹೆಸರು ಗೊತ್ತಾದೊಡನೆ ಬಾಗಿಲೂ ಗೊತ್ತಾಯಿತು. ದೆಹಲಿಯಲ್ಲಿ ಇಪ್ಪತ್ತೈದು ವರ್ಷ ಹಿಡಿದ ಕೆಲಸ ಇಲ್ಲಿ ವಾರಗಳಲ್ಲಿ ಮುಗಿದಿತ್ತು.

ರಕ್ತ ಅಂಟಿದ ಸೂಜಿ ಆರೋಗ್ಯ ಕಾರ್ಯಕರ್ತರೊಬ್ಬರಿಗೆ ಚುಚ್ಚಿದರೆ ಎಚ್‌ಐವಿ ತಗುಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ಬಿ ವೈರಸ್ಸಿನದು, ಲಸಿಕೆ ಪಡೆಯದವರಲ್ಲಿ, ನೂರಕ್ಕೆ ಮೂವತ್ತರವರೆಗೂ ಇದೆ. ಒಣಗಿದ ರಕ್ತದಲ್ಲೂ ಅದು ಒಂದು ವಾರ ಜೀವ ಹಿಡಿದಿರಬಲ್ಲದು. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಕೇಳುವುದು, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನರಿಗೆ ಹಚ್ಚೆ ಹಾಕುವವನ ಮುಂದೆ ಕೈ ಚಾಚದಿರುವುದು, ಮನೆಯಲ್ಲಿ ರೇಜರು, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳದಿರುವುದು ಈ ಕಾರಣಕ್ಕೆ. ಲೈಂಗಿಕ ಸಂಪರ್ಕದಿಂದಲೂ ಬಿ ಹರಡುತ್ತದೆ. ಮದುವೆಯ ಮಾತು ನಡೆದಾಗ ಮುಚ್ಚಿಡದೆ ಹೇಳಿ, ಇನ್ನೊಬ್ಬರಿಗೆ ಲಸಿಕೆ ಹಾಕಿಸಿದರೆ ಭಯವಿಲ್ಲ. ಆದರೆ ಜೊತೆಯಲ್ಲಿ ಉಂಡರೆ, ಪಕ್ಕದಲ್ಲಿ ಕುಳಿತರೆ, ಕೈ ಕುಲುಕಿದರೆ, ಕೆಮ್ಮಿದರೆ ಬರುವುದಿಲ್ಲ. ಅಜ್ಜಿ ತಟ್ಟೆ-ಲೋಟವನ್ನು ಮತ್ತೆ ಒಳಗಿನ ಸಾಲಿಗೆ ಸೇರಿಸಬಹುದು. ಶಾಲೆಯವರು ಇಂಥ ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸುವುದಕ್ಕೂ ಯಾವ ಆಧಾರವೂ ಇಲ್ಲ.

ಒಂದು ಇಡೀ ಜನಸಮುದಾಯದ ಲೆಕ್ಕವನ್ನು ಬದಲಿಸಬಹುದು ಎಂಬುದಕ್ಕೆ ತೈವಾನ್ ಸಾಕ್ಷಿ. ಅಲ್ಲಿ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ ಬಿ ವೈರಸ್ ಇತ್ತು. 1984ರಿಂದ ಹುಟ್ಟಿದ ಕೂಸುಗಳಿಗೆ ಲಸಿಕೆ ಹಾಕಲು ಆರಂಭಿಸಿದರು. ಲಸಿಕೆ ಪಡೆದ ತಲೆಮಾರು ಬೆಳೆದಾಗ ಆ ಪ್ರಮಾಣ ನೂರಕ್ಕೆ ಒಂದರ ಸುತ್ತಮುತ್ತ ಇಳಿಯಿತು. ಮಕ್ಕಳಲ್ಲಿ ಪಿತ್ತಜನಕಾಂಗದ ಕ್ಯಾನ್ಸರ್ ಕೂಡ ಕಡಿಮೆಯಾಯಿತು. ಕ್ಯಾನ್ಸರನ್ನು ಲಸಿಕೆಯಿಂದ ತಡೆಯಬಹುದೆಂದು ತೋರಿಸಿದ ಮೊದಲ ನಿದರ್ಶನ ಇದು. ನಮ್ಮಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಲಸಿಕೆ ಹೊರತಂದ ಮೇಲೆ ಬೆಲೆ ಇಳಿಯಿತು. ಸರ್ಕಾರಿ ಕಾರ್ಯಕ್ರಮದಲ್ಲಿ 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ದೇಶವನ್ನೆಲ್ಲ ಮುಟ್ಟಿದ್ದು 2011ರಲ್ಲಿ. ಮೊದಲ ಚುಚ್ಚುಮದ್ದು ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ತಾಯಿಯಿಂದ ಬರುವುದನ್ನು ತಡೆಯುವುದು ಅದೇ. ಆಮೇಲೆ 6, 10, 14 ವಾರಗಳಲ್ಲಿ ಪಂಚಸಂಯೋಜಿತ ಲಸಿಕೆಯ ಜೊತೆ ಬರುತ್ತದೆ. ಮಗುವಿನ ಲಸಿಕೆ ಕಾರ್ಡಿನಲ್ಲಿ ಉಳಿದ ಸಾಲುಗಳೆಲ್ಲ ತುಂಬಿ, ಈ ಮೊದಲ ಸಾಲು ಮಾತ್ರ ಖಾಲಿ ಉಳಿಯುವ ಸಂಭವವಿದೆ. ಹೆರಿಗೆ ಭಾನುವಾರ ಆಯಿತು, ರಾತ್ರಿ ಆಯಿತು ಎಂಬ ಸಬೂಬು ವೈರಸ್ಸಿಗೆ ಅನ್ವಯಿಸುವುದಿಲ್ಲ.

2011ಕ್ಕಿಂತ ಮುಂಚೆ ಹುಟ್ಟಿ, ಈಗ ಹೈಸ್ಕೂಲು ದಾಟಿದವರಲ್ಲಿ ಅನೇಕರಿಗೆ ಈ ಲಸಿಕೆ ಬಿದ್ದಿರಲಾರದು. ಒಂದು ರಕ್ತಪರೀಕ್ಷೆ ಮಾಡಿಸಿ, ವೈರಸ್ ಇಲ್ಲವೆಂದಾದರೆ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಚುಚ್ಚುಮದ್ದು ಹಾಕಿಸಿಕೊಳ್ಳಬಹುದು. ಇದೆ ಎಂದಾದರೂ ದಾರಿ ಮುಚ್ಚಿಲ್ಲ. ಸಿ ವೈರಸ್ಸನ್ನು ಹೆಚ್ಚಿನವರಲ್ಲಿ ಹನ್ನೆರಡು ವಾರದ ಮಾತ್ರೆಗಳು ಪೂರ್ತಿ ತೊಲಗಿಸುತ್ತವೆ. ಬಿ ವೈರಸ್ಸನ್ನು ತೊಲಗಿಸುವುದು ಕಷ್ಟ, ಆದರೆ ಅಗತ್ಯವಿದ್ದವರಲ್ಲಿ ದಿನಕ್ಕೊಂದು ಮಾತ್ರೆ ಅದನ್ನು ಅಂಕೆಯಲ್ಲಿಡುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎರಡಕ್ಕೂ ಸರ್ಕಾರಿ ಆಸ್ಪತ್ರೆಗಳ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. ಕಬಡ್ಡಿ ಆಡುವ ಆ ಹುಡುಗ ಅಲ್ಲಿಗೆ ಹೋದಾಗ ವೈದ್ಯರು ಮೊದಲು ಕೇಳುವುದು, ಜೊತೆಯಲ್ಲಿ ತಾಯಿ ಬಂದಿದ್ದಾರೆಯೇ, ಅಕ್ಕ-ತಂಗಿ, ಅಣ್ಣ-ತಮ್ಮ ಎಷ್ಟು ಮಂದಿ ಎಂದು. ಅವರೆಲ್ಲರ ರಕ್ತವನ್ನೂ ಅದೇ ದಿನ ಕೊಟ್ಟು ಬರುವುದು ಅನುಕೂಲ.